ಅಮ್ಮ ಇಂಗ್ಲೆಂಡಿಗೆ ಹೊರಟಿದ್ದಾರೆ: ಸ್ಟೋಕ್ ಬ್ರೂಯರ್ನ್ ಸುತ್ತಮುತ್ತ ಮಂಡಿನೋವಿನವರು ನಡೆಯಬಹುದಾದ ದಾರಿಗಳು ಯಾವುವು?

ಪೆರ್ಲದ ತೋಟದವ:

ಎಲ್ಲರಿಗೂ ನಮಸ್ಕಾರ. ಅನುಭವ ಇದ್ದವರು ದಯವಿಟ್ಟು ಬಿಡಿಸಿ ಹೇಳಬೇಕು.

ಮೇ ತಿಂಗಳ ಎರಡನೇ ವಾರ ನನ್ನ ಅಮ್ಮ ಇಂಗ್ಲೆಂಡಿಗೆ ಹೋಗುತ್ತಿದ್ದಾರೆ. ತಂಗಿ ಮತ್ತು ಭಾವ ನಾರ್ಥಾಂಪ್ಟನ್ ಪೇಟೆಯಿಂದ ದಕ್ಷಿಣಕ್ಕೆ ಸ್ಟೋಕ್ ಬ್ರೂಯರ್ನ್ ಎಂಬ ಹಳ್ಳಿಯಲ್ಲಿ ಮನೆ ಮಾಡಿದ್ದಾರೆ. ಮೂರು ತಿಂಗಳು ಅಲ್ಲಿರುವ ಏರ್ಪಾಡು. ಅಮ್ಮನಿಗೆ 67 ವರ್ಷ. ದಿನಕ್ಕೆ ಎರಡು ಸಲ ನಡೆಯದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಬೆಳಿಗ್ಗೆ ಅಂಗಳದಿಂದ ಇಳಿದು, ತೋಡಿನ ಮೇಲಿನ ಅಡಿಕೆ ಮರದ ಸಂಕ ದಾಟಿ, ನೆರೆಯವರ ತೋಟದ ತಡಮೆ ಹತ್ತಿಳಿದು ಹಾಲಿನ ಸೊಸೈಟಿಗೆ ಹೋಗಿ ಬರುತ್ತಾರೆ. ಸಂಜೆ ಗುಡ್ಡೆಯ ದೇವಸ್ಥಾನ. ಎರಡು ವರ್ಷಗಳಿಂದ ಎಡಗಾಲಿನ ಮಂಡಿ ನೋಯುತ್ತಿದೆ. ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಸಮತಟ್ಟಿನಲ್ಲಿ ಒಂದು ಗಂಟೆ ನಡೆದರೂ ದೂರು ಹೇಳುವುದಿಲ್ಲ.

ತಂಗಿ, ಭಾವ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟರೆ ಬರುವುದು ಸಂಜೆ ಆರಕ್ಕೆ. ನಮ್ಮ ಊರಿನಿಂದ ಹಿಂದೆ ಮಕ್ಕಳ ಮನೆಗೆ ಹೋದ ಇಬ್ಬರು ಹಿರಿಯರು ಮೂರು ತಿಂಗಳು ಕಿಟಕಿಯ ಬಳಿ ಕುಳಿತೇ ಕಳೆದು, ಬಂದ ಮೇಲೆ ‘ಇನ್ನು ಕರೆದರೂ ಹೋಗುವುದಿಲ್ಲ’ ಎಂದದ್ದನ್ನು ಕೇಳಿದ್ದೇನೆ. ಅಮ್ಮನಿಗೆ ಹಾಗಾಗಬಾರದು ಎಂಬುದೇ ನನ್ನ ಚಿಂತೆ.

ಹಳ್ಳಿಯ ನಡುವೆಯೇ ಒಂದು ಕಾಲುವೆ ಹರಿಯುತ್ತದೆಂದು ತಂಗಿ ಹೇಳಿದ್ದಾಳೆ. ಅದರ ದಂಡೆಯಲ್ಲಿ ಅಮ್ಮ ಒಬ್ಬರೇ ನಡೆಯಬಹುದೇ? ಹೊಲಗಳ ನಡುವೆ ನಡೆದರೆ ಜಾಗದವರು ಏನಾದರೂ ಹೇಳುತ್ತಾರೆಯೇ? ನಾಯಿಗಳ ಕಾಟ ಇದೆಯೇ? ಅಮ್ಮ ಸೀರೆಯನ್ನೇ ಉಡುವುದು, ಕಾಲಿಗೆ ಚಪ್ಪಲಿ. ಇಂಗ್ಲಿಷ್ ಓದಲು ಬರುತ್ತದೆ, ಮಾತನಾಡಲು ಹಿಂಜರಿಯುತ್ತಾರೆ.

ನೀರ್ಚಾಲಿನ ಟೀಚರ್:

ತಮ್ಮಾ, ನೀವು ಹೇಳಿದ ಹಳ್ಳಿಯ ಹೆಸರು ನೋಡಿದ ಕೂಡಲೇ ಬರೆಯಲು ಕುಳಿತೆ. ನನ್ನ ಮಗ ಇರುವುದು ಅದೇ ಗುಡ್ಡದ ಆಚೆ ಬದಿಯಲ್ಲಿ, ಬ್ಲಿಸ್‌ವರ್ತ್‌ನಲ್ಲಿ. 2018ರಲ್ಲಿ ಐದು ತಿಂಗಳು, 2023ರಲ್ಲಿ ನಾಲ್ಕು ತಿಂಗಳು ಅಲ್ಲಿದ್ದೆ. ಆಗ ನನಗೂ ಮಂಡಿನೋವು ಇತ್ತು, ಈಗಲೂ ಇದೆ. ಆ ದಂಡೆಯಲ್ಲಿ ನಾನು ನಡೆಯದ ದಿನಗಳನ್ನು ಬೆರಳಿನಲ್ಲಿ ಎಣಿಸಬಹುದು.

ಇಳಿಜಾರು ಕಷ್ಟವಾಗುವವರಿಗೆ ಆ ದೇಶದಲ್ಲಿ ಕಾಲುವೆಯ ದಂಡೆಯಷ್ಟು ಒಳ್ಳೆಯ ದಾರಿ ನಾನು ಕಂಡಿಲ್ಲ. ನೀರು ಗುಡ್ಡ ಹತ್ತುವುದಿಲ್ಲವಲ್ಲ! ಆ ಕಾಲುವೆಗಳನ್ನು ತೋಡಿದ್ದು ದೋಣಿಗಳಲ್ಲಿ ಕಲ್ಲಿದ್ದಲು, ಸುಣ್ಣ, ಧಾನ್ಯ ಸಾಗಿಸಲು. ದೋಣಿಯನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದುದು ಕುದುರೆ. ಕುದುರೆ ನಡೆಯಲೆಂದು ನೀರಿನ ಪಕ್ಕದಲ್ಲೇ ಮಾಡಿದ ದಾರಿಯಲ್ಲಿ ಈಗ ಜನ ನಡೆಯುತ್ತಾರೆ. ನೀರು ಒಂದೇ ಮಟ್ಟದಲ್ಲಿ ನಿಂತಿರುವುದರಿಂದ ದಾರಿಯೂ ಒಂದೇ ಮಟ್ಟ. ನೆಲ ತಗ್ಗುವ ಕಡೆಯಲ್ಲಿ ಮಾತ್ರ ಲಾಕ್, ಅಂದರೆ ಎರಡು ಕಡೆ ಬಾಗಿಲಿರುವ ತೊಟ್ಟಿ, ಕಟ್ಟಿ ನೀರನ್ನು ಮೆಟ್ಟಿಲಿನಂತೆ ಇಳಿಸಿದ್ದಾರೆ. ಹಾಗಾಗಿ ದಾರಿಯ ಏರಿಳಿತವೆಲ್ಲ ಲಾಕ್‌ಗಳ ಬಳಿಯೇ ಒಟ್ಟಾಗಿರುತ್ತದೆ. ಭೂಪಟದಲ್ಲಿ ಲಾಕ್ ಎಲ್ಲಿಲ್ಲವೋ ಅಲ್ಲಿ ಅಮ್ಮನ ಮಂಡಿಗೆ ಕಷ್ಟವಿಲ್ಲ. ಇದೊಂದು ತಿಳಿದರೆ ಯಾವ ಹಳ್ಳಿಗೆ ಹೋದರೂ ನಡಿಗೆ ಆರಿಸಿಕೊಳ್ಳಬಹುದು.

ಮೊದಲ ವಾರಕ್ಕೆ ಒಂದೇ ನಡಿಗೆ ಸಾಕು. ಹಳ್ಳಿಯ ನಡುವೆ ಹಳೆಯ ಧಾನ್ಯದ ಗಿರಣಿಯಲ್ಲಿ ಕಾಲುವೆಯ ಮ್ಯೂಸಿಯಂ ಇದೆ, 1963ರಿಂದ. ಅಲ್ಲಿಂದ ಬಡಗು ದಿಕ್ಕಿಗೆ ದಂಡೆ ಹಿಡಿದು ಅರ್ಧ ಮೈಲಿ ಹೋದರೆ ಬ್ಲಿಸ್‌ವರ್ತ್ ಸುರಂಗದ ಬಾಯಿ. ಹೋಗಿ ಬರಲು ನಿಧಾನವಾಗಿ ನಡೆದರೂ ಮುಕ್ಕಾಲು ಗಂಟೆ. ಒಂದು ಲಾಕ್ ಕೂಡ ಇಲ್ಲ. ಮೇ ತಿಂಗಳಲ್ಲಿ ಬೇಲಿಯ ಮುಳ್ಳುಗಿಡಗಳೆಲ್ಲ ಬಿಳಿ ಹೂ ಬಿಟ್ಟಿರುತ್ತವೆ, ದಾರಿಯ ಅಂಚಿನಲ್ಲಿ ಕೊತ್ತಂಬರಿ ಹೂವಿನಂತಹ ಬಿಳಿ ಹೂಗೊಂಚಲು ಸೊಂಟದೆತ್ತರಕ್ಕೆ ಬೆಳೆದಿರುತ್ತದೆ. ಸುರಂಗ ಹತ್ತಿರವಾದಂತೆ ಎರಡು ಬದಿಯ ಮಣ್ಣಿನ ಗೋಡೆ ಮೇಲೇರುತ್ತದೆ, ಮರಗಳು ಮುಚ್ಚಿಕೊಳ್ಳುತ್ತವೆ, ಸೆಕೆಯ ದಿನವೂ ಅಲ್ಲಿ ತಣ್ಣಗಿನ ಗಾಳಿ ಮುಖಕ್ಕೆ ಹೊಡೆಯುತ್ತದೆ.

ನಿಮ್ಮ ಮನೆ ಪೆರ್ಲದ ಕಡೆ ಎಂದಿರಿ. ಸುರಂಗದ ನೀರು ಕುಡಿದು ಬೆಳೆದವರಿಗೆ ಆ ಜಾಗ ಹೇಗೆ ಕಾಣುತ್ತದೆಂದು ನನಗೆ ಗೊತ್ತು. ನನ್ನ ತವರು ಬಾಯಾರು. ಅಜ್ಜನ ಕಾಲದಲ್ಲಿ ನೀರಿಗಾಗಿ ಮುರಕಲ್ಲಿನ ಬರೆಗೆ ಅಡ್ಡಲಾಗಿ ಕೊರೆದ ಸುರಂಗ ನಮ್ಮ ಅಡುಗೆಮನೆಯ ಹಿಂದೆಯೇ ಇತ್ತು. ಒಬ್ಬ ಮನುಷ್ಯ ಬಾಗಿ ಹೋಗುವಷ್ಟು ಅಗಲ. ಬ್ಲಿಸ್‌ವರ್ತ್‌ನದು 2,813 ಮೀಟರ್ ಉದ್ದ, ಎರಡು ದೋಣಿಗಳು ಎದುರುಬದುರಾಗಿ ದಾಟುವಷ್ಟು ಅಗಲ. 1793ರಲ್ಲಿ ಕಾಲುವೆಗೆ ಒಪ್ಪಿಗೆ ಸಿಕ್ಕಿತು. ಮೊದಲು ಕೊರೆಯಲು ಹೊರಟದ್ದು ಕೈಕೊಟ್ಟಿತು. ಬೇರೆ ಜಾಡಿನಲ್ಲಿ ಮತ್ತೆ ಕೊರೆದು 1805ರ ಮಾರ್ಚ್‌ನಲ್ಲಿ ದೋಣಿ ಬಿಟ್ಟರು. ಅಲ್ಲಿಯವರೆಗೆ ಸರಕನ್ನು ಈಚೆ ಇಳಿಸಿ, ಕುದುರೆ ಎಳೆಯುವ ಹಳಿಬಂಡಿಗೆ ತುಂಬಿ ಗುಡ್ಡ ದಾಟಿಸಿ, ಆಚೆ ಬೇರೆ ದೋಣಿಗೆ ತುಂಬುತ್ತಿದ್ದರಂತೆ.

ಸುರಂಗದೊಳಗೆ ದಂಡೆದಾರಿ ಇಲ್ಲ. ಕುದುರೆಯನ್ನು ಬಿಚ್ಚಿ ಗುಡ್ಡದ ಮೇಲಿನ ದಾರಿಯಲ್ಲಿ ನಡೆಸಿಕೊಂಡು ಹೋಗುತ್ತಿದ್ದರು. ದೋಣಿಯ ಮೇಲೆ ಹಲಗೆ ಹಾಕಿ, ಇಬ್ಬರು ಅಂಗಾತ ಮಲಗಿ, ಕಾಲುಗಳಿಂದ ಸುರಂಗದ ಗೋಡೆಯನ್ನು ಒದೆಯುತ್ತಾ ಇಷ್ಟುದ್ದ ದೂರವನ್ನು ಕತ್ತಲಲ್ಲಿ ದಾಟಿಸುತ್ತಿದ್ದರು. ಅದನ್ನು ಮ್ಯೂಸಿಯಂನಲ್ಲಿ ಓದಿದ ದಿನ ನಾನು ಸುರಂಗದ ಬಾಯಲ್ಲಿ ಬಹಳ ಹೊತ್ತು ನಿಂತಿದ್ದೆ. ನಮ್ಮ ಕಡೆ ಸುರಂಗದ ತುದಿಯಲ್ಲಿ ಮಂಡಿಯೂರಿ ಪಿಕಾಸಿ ಹಿಡಿದವರದು ಕೂಡ ಅದೇ ಬಗೆಯ ದುಡಿಮೆ.

ಎರಡನೇ ವಾರಕ್ಕೆ ತೆಂಕು ದಿಕ್ಕು. ಮ್ಯೂಸಿಯಂನಿಂದ ಕೆಳಗೆ ಏಳು ಲಾಕ್‌ಗಳು ಒಂದರ ಹಿಂದೆ ಒಂದು ಇವೆ. ಒಂದೊಂದು ಲಾಕ್‌ನ ಪಕ್ಕವೂ ದಾರಿ ಚಿಕ್ಕದಾಗಿ ಇಳಿಯುತ್ತದೆ. ಅಮ್ಮನಿಗೆ ಎರಡು ಅಥವಾ ಮೂರನೇ ಲಾಕ್‌ವರೆಗೆ ಹೋಗಿ ಹಿಂತಿರುಗಲು ಹೇಳಿ. ಬರುವಾಗ ಏರು, ಅದು ಅವರಿಗೆ ಸುಲಭ. ಅಲ್ಲಿ ನೋಡಬೇಕಾದದ್ದು ದಾರಿಗಿಂತ ಹೆಚ್ಚಾಗಿ ದೋಣಿ ಇಳಿಸುವ ಕೆಲಸ. ನಮ್ಮಲ್ಲಿ ತೋಡಿಗೆ ಕಟ್ಟ ಹಾಕಿ ಹಲಗೆ ಎಬ್ಬಿಸಿ ನೀರು ಬಿಡುವುದನ್ನು ಕಂಡವರಿಗೆ ಐದು ನಿಮಿಷದಲ್ಲಿ ಅರ್ಥವಾಗುತ್ತದೆ. ಕಲ್ಲಿನ ಗೋಡೆಗಳ ನಡುವಿನ ತೊಟ್ಟಿ, ಹಿಂದೆ ಮುಂದೆ ಮರದ ಭಾರೀ ಬಾಗಿಲುಗಳು. ಕಬ್ಬಿಣದ ಹಿಡಿಕೆ ತಿರುಗಿಸಿದರೆ ಬಾಗಿಲಿನ ಅಡಿಯ ಹಲಗೆ ಏಳುತ್ತದೆ, ನೀರು ಬುಸುಗುಟ್ಟುತ್ತಾ ನುಗ್ಗುತ್ತದೆ, ದೋಣಿ ಯಾರೋ ಹೂವಿನ ಬುಟ್ಟಿಯನ್ನು ಎತ್ತಿದಷ್ಟು ನಯವಾಗಿ ಮೇಲೇರುತ್ತದೆ. ಒಂದು ಸಲ ತುಂಬಲು ಎರಡು ಲಕ್ಷ ಲೀಟರಿಗೂ ಹೆಚ್ಚು ನೀರು ಬೇಕು.

2018ರ ಜೂನ್‌ನಲ್ಲಿ ಒಂದು ದಿನ ಒಬ್ಬ ಹೆಂಗಸು ದೋಣಿಯಿಂದ ಇಳಿದು ಒಬ್ಬಳೇ ಬಾಗಿಲು ತೆರೆಯಲು ಬಂದಳು. ವಯಸ್ಸು ನನ್ನಷ್ಟೇ ಇರಬೇಕು. ಬಾಗಿಲಿಗೆ ಜೋಡಿಸಿದ ಉದ್ದನೆಯ ಮರದ ತೊಲೆಗೆ ಬೆನ್ನು ಕೊಟ್ಟು, ನನ್ನ ಕಡೆ ನೋಡಿ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು. ನಾನೂ ಹೋಗಿ ಬೆನ್ನು ಕೊಟ್ಟೆ. ಎಷ್ಟು ಒತ್ತಿದರೂ ತೊಲೆ ಕದಲಲಿಲ್ಲ. ಅವಳು ನಗುತ್ತಾ ನೀರಿನ ಕಡೆ ಬೆರಳು ತೋರಿಸಿದಳು. ಒಳಗಿನ ನೀರು ಹೊರಗಿನ ನೀರಿಗಿಂತ ಇನ್ನೂ ಒಂದು ಗೇಣು ಕೆಳಗಿತ್ತು. ಕಾದೆವು. ಗೇಣು ಹೋಗಿ ಎರಡು ಬೆರಳಾಯಿತು, ಅದೂ ಹೋಯಿತು. ಎರಡು ನೀರೂ ಸಮವಾದ ಕ್ಷಣ ಅಷ್ಟು ದೊಡ್ಡ ಬಾಗಿಲು ತಾನಾಗಿ ಸಡಿಲವಾಯಿತು. ನಾವಿಬ್ಬರೂ ಹಿಂದಕ್ಕೆ ಹೆಜ್ಜೆ ಹಾಕಿದಂತೆ ತೆರೆದುಕೊಂಡಿತು. ಅವಳಿಗೂ ನನಗೂ ಮಾತೇ ಬೇಕಾಗಲಿಲ್ಲ. ನಿಮ್ಮ ಅಮ್ಮನಿಗೆ ಭಾಷೆಯ ಭಯ ಬೇಡ ಎಂದು ನಾನು ಹೇಳುವುದು ಇಂತಹ ದಿನಗಳನ್ನು ನೆನೆದು. ದಾರಿಯಲ್ಲಿ ಎದುರಾದವರೆಲ್ಲ ‘ಮಾರ್ನಿಂಗ್’ ಎನ್ನುತ್ತಾರೆ, ತಿರುಗಿ ಅದನ್ನೇ ಹೇಳಿದರೆ ಆಯಿತು. ನಾಲ್ಕನೇ ದಿನಕ್ಕೆ ಹವೆಯ ಬಗ್ಗೆ ಒಂದು ಮಾತು ಸೇರಿಕೊಳ್ಳುತ್ತದೆ.

ಉಡುಪಿನ ವಿಷಯ. ಸೀರೆ ಧಾರಾಳವಾಗಿ ಉಡಲಿ, ಆದರೆ ನಾಲ್ಕು ಬೆರಳು ಮೇಲಕ್ಕೆ. ಒಳಗೆ ಒಂದು ಉದ್ದ ಚಲ್ಲಣ, ಯಾಕೆಂದರೆ ಮೇಯಲ್ಲೂ ಬೆಳಿಗ್ಗೆ ಚಳಿ. ಚಪ್ಪಲಿ ಮಾತ್ರ ಖಂಡಿತ ಬೇಡ. ಕಾಲುವೆಯ ದಂಡೆ ಮಳೆ ಬಂದ ಮರುದಿನ ನಮ್ಮ ಗದ್ದೆಯ ಬದುವಿನಂತೆಯೇ ಜಾರುತ್ತದೆ. ಅಡಿಯಲ್ಲಿ ಹಲ್ಲಿರುವ, ಹಿಮ್ಮಡಿ ಹಿಡಿದುಕೊಳ್ಳುವ ಶೂ ಈಗಲೇ ಕೊಂಡು, ಊರಿನಲ್ಲೇ ಒಂದು ತಿಂಗಳು ಹಾಕಿ ಪಳಗಿಸಿಕೊಳ್ಳಲಿ. ನನ್ನ ಮಗ ನಾನು ಹೋದ ಮೇಲೆ ತಂದುಕೊಟ್ಟ ಹೊಸ ಶೂ ಮೊದಲ ದಿನವೇ ಬೊಬ್ಬೆ ಎಬ್ಬಿಸಿ, ಒಂದು ವಾರ ಮನೆಯಲ್ಲೇ ಕೂರಿಸಿತು.

ಮಂಜೇಶ್ವರದಿಂದ ಮಿಲ್ಟನ್ ಕೀನ್ಸ್:

ಟೀಚರ್ ಹೇಳಿದ್ದಕ್ಕೆ ಎದುರಾಡುವುದೇನೂ ಇಲ್ಲ. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಹೊಲದ ದಾರಿಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

ಇಲ್ಲಿ ಸಾರ್ವಜನಿಕ ಕಾಲುದಾರಿ ಎಂಬುದು ಜಾಗದವರ ದಾಕ್ಷಿಣ್ಯವಲ್ಲ, ಜನರ ಹಕ್ಕು. ಹೊಲ ಖಾಸಗಿಯದೇ. ಆದರೆ ಅದರ ಮೇಲಿನ ದಾರಿಯಲ್ಲಿ ನಡೆಯುವುದನ್ನು ಯಾರೂ ತಡೆಯುವಂತಿಲ್ಲ. 1949ರ ಕಾನೂನಿನ ಪ್ರಕಾರ ಕೌಂಟಿಗಳು ಇಂತಹ ದಾರಿಗಳನ್ನೆಲ್ಲ ನಕ್ಷೆಯಲ್ಲಿ ದಾಖಲಿಸಿವೆ. ಕಂಬದ ಮೇಲೆ ಹಳದಿ ಬಾಣ ಇದ್ದರೆ ನಡೆಯುವವರ ದಾರಿ, ನೀಲಿ ಬಾಣ ಇದ್ದರೆ ಕುದುರೆ ಮತ್ತು ಸೈಕಲಿನವರಿಗೂ ಸೇರಿದ್ದು. ಗೋಧಿ ಬಿತ್ತಿದ ಹೊಲದ ನಡುವೆಯೂ ರೈತ ಕಾಲುದಾರಿಗೆ ಕನಿಷ್ಠ ಒಂದು ಮೀಟರ್ ಅಗಲ ಬಿಟ್ಟುಕೊಡಬೇಕು. ಮೊದಲ ವರ್ಷ ನನಗೂ ಎದೆ ಹೊಡೆದುಕೊಳ್ಳುತ್ತಿತ್ತು, ಪೈರಿನ ನಡುವೆ ಕಾಲಿಟ್ಟರೆ ಯಾರಾದರೂ ಕೂಗಿಯಾರು ಎಂದು. ಒಮ್ಮೆ ಟ್ರ್ಯಾಕ್ಟರ್ ನಿಲ್ಲಿಸಿದ ರೈತನೇ ಮುಂದಿನ ಗೇಟು ಎಲ್ಲಿದೆ ಎಂದು ಕೈಮಾಡಿ ತೋರಿಸಿದ.

ಭೂಪಟ ಬೇಕೆಂದರೆ ಆರ್ಡ್‌ನೆನ್ಸ್ ಸರ್ವೇಯ ಕಿತ್ತಳೆ ರಟ್ಟಿನ ಎಕ್ಸ್‌ಪ್ಲೋರರ್ ನಕ್ಷೆ ತೆಗೆದುಕೊಳ್ಳಲಿ. ನಾಲ್ಕು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್. ಸಾರ್ವಜನಿಕ ದಾರಿಗಳನ್ನು ಹಸಿರು ಗೀಟುಗಳಲ್ಲಿ ತೋರಿಸಿರುತ್ತಾರೆ. ಹೊಲದ ಬೇಲಿಗಳು ಕೂಡ ಕಾಣುವುದರಿಂದ ಎಲ್ಲಿ ನಿಂತಿದ್ದೇವೆ ಎಂಬುದು ಸುಲಭವಾಗಿ ಗೊತ್ತಾಗುತ್ತದೆ.

ನಿಮ್ಮ ಅಮ್ಮನಿಗೆ ತಡಮೆ ಗೊತ್ತಿದೆ ಎಂದು ಓದಿ ಖುಷಿಯಾಯಿತು. ಇಲ್ಲಿಯೂ ಬೇಲಿಗೆ ಅಡ್ಡಲಾಗಿ ಅದೇ ಬಗೆಯ ತಡಮೆ, ಮರದ್ದು, ಕೆಲವು ಕಡೆ ಕಲ್ಲಿನದು. ದನ ದಾಟಬಾರದು, ಮನುಷ್ಯ ದಾಟಬೇಕು. ಮಂಡಿನೋವಿನವರಿಗೆ ಇಳಿಯುವ ಮೆಟ್ಟಿಲು ಎತ್ತರವಾಗಬಹುದು, ಆದ್ದರಿಂದ ಅರ್ಧವೃತ್ತದ ಬೇಲಿಯೊಳಗೆ ತೂಗಾಡುವ ಗೇಟು ಇರುವ ದಾರಿಗಳನ್ನೇ ಆರಿಸಿ. ಒಳಗೆ ನಿಂತು, ಗೇಟನ್ನು ಆಚೆ ತಳ್ಳಿ, ಹೊರಗೆ ಬಂದರಾಯಿತು. ಕಾಲು ಎತ್ತಬೇಕಾಗಿಲ್ಲ.

ಭಾನುವಾರ ತಂಗಿಯವರು ಕಾರಿನಲ್ಲಿ ಕಾಸ್‌ಗ್ರೋವ್‌ಗೆ ಕರೆದುಕೊಂಡು ಹೋಗಲಿ. ಸ್ಟೋಕ್ ಬ್ರೂಯರ್ನ್‌ನ ಕಡೆಯ ಲಾಕ್‌ನಿಂದ ಕಾಸ್‌ಗ್ರೋವ್‌ವರೆಗೆ ಐದು ಮೈಲಿಗೂ ಹೆಚ್ಚು ದೂರ ನೀರು ಒಂದೇ ಮಟ್ಟ. ಅಷ್ಟೂ ನಡೆಯುವುದು ಬೇಡ. ಕಾಸ್‌ಗ್ರೋವ್‌ನಿಂದ ಸ್ವಲ್ಪ ದೂರದಲ್ಲಿ ಕಾಲುವೆ ಗ್ರೇಟ್ ಊಸ್ ನದಿಯ ಮೇಲೆ ಕಬ್ಬಿಣದ ತೊಟ್ಟಿಯಲ್ಲಿ ಹಾದುಹೋಗುತ್ತದೆ. ಕೆಳಗೆ ಹೊಳೆ, ಮೇಲೆ ಕಾಲುವೆ! ಮೊದಲು ಕಟ್ಟಿದ ಇಟ್ಟಿಗೆಯ ಮೇಲ್ಗಾಲುವೆ 1808ರಲ್ಲಿ ಕುಸಿದುಬಿತ್ತು, ಈ ಕಬ್ಬಿಣದ್ದು 1811ರದು. ದಾರಿಗೆ ಹೊಳೆಯ ಬದಿಯಲ್ಲಿ ಕಂಬಿ ಇದೆ, ಕಾಲುವೆಯ ಬದಿಯಲ್ಲಿ ಇಲ್ಲ. ಅಮ್ಮ ಕಂಬಿಯ ಬದಿಯಲ್ಲೇ ನಡೆಯಲಿ.

ಮುಳ್ಳೇರಿಯದ ಅಳಿಯ:

ಎಲ್ಲರೂ ಒಳ್ಳೆಯದನ್ನೇ ಬರೆದಿದ್ದೀರಿ. ಕ್ಷಮಿಸಿ, ನನಗೆ ಭಯ ಇದೆ, ಹೇಳಿಬಿಡುತ್ತೇನೆ. ನನ್ನ ಮಾವನವರು ಬೇರೆ ಊರಿನಲ್ಲಿ, ಬೇರೆ ಕಾಲುವೆಯ ದಂಡೆಯಲ್ಲಿ, ನವೆಂಬರ್ ತಿಂಗಳಲ್ಲಿ ಒದ್ದೆ ಎಲೆಗಳ ಮೇಲೆ ಜಾರಿ ಸೊಂಟದವರೆಗೆ ನೀರಿಗಿಳಿದರು. ದೇವರ ದಯೆಯಿಂದ ಹುಲ್ಲು ಹಿಡಿದು ಮೇಲೆ ಬಂದರು. ಆದರೆ ಸುತ್ತ ಯಾರೂ ಇರಲಿಲ್ಲ. ಮೊಬೈಲ್ ನೀರಿನಲ್ಲಿ ಹೋಯಿತು. ತಾನು ಎಲ್ಲಿದ್ದೇನೆ ಎಂದು ಹೇಳಲು ಅವರಿಗೆ ಒಂದು ಹೆಗ್ಗುರುತೂ ಗೊತ್ತಿರಲಿಲ್ಲ. 67 ವರ್ಷದ ಹೆಂಗಸನ್ನು ಒಬ್ಬರೇ ನೀರಿನ ಪಕ್ಕ ಕಳುಹಿಸುವುದು ಸರಿಯೇ ಎಂದು ಒಮ್ಮೆ ಯೋಚಿಸಿ. ಪಾರ್ಕಿನಲ್ಲಿ ನಡೆದರೂ ನಡಿಗೆಯೇ.

ಪೆರ್ಲದ ತೋಟದವ:

ಟೀಚರೇ, ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ತೊಲೆಗೆ ಬೆನ್ನು ಕೊಟ್ಟ ಭಾಗವನ್ನು ಎರಡು ಸಲ ಓದಿಸಿದರು. ಮುಳ್ಳೇರಿಯದ ಅಣ್ಣ ಹೇಳಿದ್ದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ನನಗೂ ಈಗ ಎರಡು ಮನಸ್ಸು.

ನೀರ್ಚಾಲಿನ ಟೀಚರ್:

ಮುಳ್ಳೇರಿಯದವರು ಹೇಳಿದ ಭಯ ಸುಳ್ಳಲ್ಲ. ನೀರಿನ ಪಕ್ಕ ನಡೆಯುವುದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ನವೆಂಬರ್ ಬೇರೆ, ಮೇ ಬೇರೆ. ನವೆಂಬರಿನಲ್ಲಿ ಸಂಜೆ ನಾಲ್ಕೂವರೆಗೆ ಮೊದಲೇ ಹೊತ್ತು ಮುಳುಗುತ್ತದೆ, ದಾರಿಯ ತುಂಬ ಕೊಳೆತ ಎಲೆ. ಜೂನ್‌ನಲ್ಲಿ ರಾತ್ರಿ ಒಂಬತ್ತು ಗಂಟೆಗೂ ಬೆಳಕಿರುತ್ತದೆ, ನೆಲ ಒಣಗಿರುತ್ತದೆ, ದಂಡೆಯಲ್ಲಿ ಜನ, ನೀರಿನಲ್ಲಿ ದೋಣಿ. ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿದರೆ ಕಾಲಿಗೆ ಕೆಲಸವಾಗುತ್ತದೆ. ಆದರೆ ಹಾಲಿನ ಸೊಸೈಟಿಗೆ ಹೋಗಿ ಬರುವವರಿಗೆ ನಡಿಗೆ ಎಂದರೆ ಎಲ್ಲಿಗಾದರೂ ತಲುಪುವುದು, ಯಾರನ್ನಾದರೂ ಕಾಣುವುದು. ನಿಮ್ಮ ಅಮ್ಮನಿಗೆ ಬೇಕಾದದ್ದು ಅದು, ನಾನು ಬಲ್ಲೆ.

ನಾನು ಪಾಲಿಸಿದ ಕ್ರಮ ಹೇಳುತ್ತೇನೆ. ಮೊದಲ ನಾಲ್ಕು ದಿನ ಮಗನೊಂದಿಗೆ ನಡೆದೆ. ನೀರಿನ ಅಂಚಿನಿಂದ ಒಂದು ಮಾರು ಒಳಗೆ, ಬೇಲಿಯ ಬದಿಯಲ್ಲೇ ನಡೆಯುವುದು ರೂಢಿ ಮಾಡಿಕೊಂಡೆ. ದೋಣಿ ಕಟ್ಟಿದ ಕಡೆ ನೆಲಕ್ಕೆ ಬಡಿದ ಗೂಟ, ಹಗ್ಗ ಇರುತ್ತವೆ, ಅಲ್ಲಿ ನೋಡಿ ಕಾಲಿಡಬೇಕು. ಸೈಕಲಿನ ಗಂಟೆ ಕೇಳಿದರೆ ಬೇಲಿಯ ಕಡೆಗೇ ಸರಿದು ನಿಲ್ಲಬೇಕು, ನೀರಿನ ಕಡೆಗೆ ಅಲ್ಲ. ಕಾಲುವೆಯ ಆಳ ಹೆಚ್ಚಿನ ಕಡೆ ನಿಂತರೆ ತಲೆ ನೀರಿನ ಮೇಲೆ ಉಳಿಯುವಷ್ಟೇ. ಲಾಕ್ ಹಾಗಲ್ಲ. ಗೋಡೆ ಜಾರು, ಹಿಡಿಯಲು ಏನೂ ಸಿಗದು. ಲಾಕ್‌ನ ಅಂಚಿಗೆ ಬಾಗಿ ನೋಡಲೇಬಾರದು, ಬಾಗಿಲಿನ ಮೇಲಿನ ಹಲಗೆಯಲ್ಲಿ ದಾಟಲೇಬಾರದು. ತೊಲೆಗೆ ಬೆನ್ನು ಕೊಡುವುದಾದರೂ ದೋಣಿಯವರು ಕರೆದರೆ ಮಾತ್ರ.

ಇನ್ನೊಂದು, ಇದನ್ನು ಅಮ್ಮನಿಂದ ಬಾಯಿಪಾಠ ಮಾಡಿಸಿ. ಕಾಲುವೆಯ ಪ್ರತಿ ಸೇತುವೆಗೂ ಒಂದು ಸಂಖ್ಯೆ ಇದೆ. ಕಮಾನಿನ ನೆತ್ತಿಯಲ್ಲಿ ಫಲಕ ಹಾಕಿರುತ್ತಾರೆ. ದಾಟಿದ ಸೇತುವೆಯ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ‘ಎಲ್ಲಿದ್ದೀರಿ’ ಎಂದು ಯಾರು ಕೇಳಿದರೂ ಹೇಳಬಹುದು. ತುರ್ತಿಗೆ 999. ನಾನು ಸಂಖ್ಯೆಯನ್ನು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಳ್ಳುತ್ತಿದ್ದೆ. ಮೊಬೈಲನ್ನು ಕೈಯಲ್ಲಿ ಹಿಡಿಯದೆ, ಕುತ್ತಿಗೆಗೆ ದಾರ ಕಟ್ಟಿದ ಚೀಲದಲ್ಲಿ ಇಡಲಿ.

ನಾಯಿಯ ಬಗ್ಗೆ ಕೇಳಿದ್ದಿರಿ. ಬೀದಿನಾಯಿ ಒಂದೂ ಇಲ್ಲ. ಸಾಕಿದ ನಾಯಿಗಳು ಹಗ್ಗವಿಲ್ಲದೆ ಓಡಿಬಂದು ಮೂಸುತ್ತವೆ, ಸೀರೆಗೆ ಕೆಸರಿನ ಕಾಲು ಇಡುತ್ತವೆ. ಕೈಗಳನ್ನು ಎದೆಗೆ ಕಟ್ಟಿ ಸುಮ್ಮನೆ ನಿಂತರೆ ಒಡೆಯ ಬಂದು ಹಿಡಿಯುತ್ತಾನೆ. ನಾಯಿಗಿಂತ ಜಾಗ್ರತೆ ಬೇಕಾದದ್ದು ಮೇ, ಜೂನ್‌ನಲ್ಲಿ ಮರಿಗಳೊಂದಿಗೆ ದಂಡೆಗೆ ಹತ್ತಿದ ಹಂಸದ ಜೋಡಿಗೆ. ನೋಡಲು ದೇವಲೋಕದ್ದು. ಮರಿಗಳ ಬಳಿ ಹೋದರೆ ಗಂಡು ರೆಕ್ಕೆ ಬಿಚ್ಚಿ ಬುಸುಗುಟ್ಟುತ್ತಾ ಬರುತ್ತದೆ. ಅವು ನೀರಿಗಿಳಿಯುವವರೆಗೆ ಕಾಯಬೇಕು. ಹೊಲದಲ್ಲಿ ಕರು ಇರುವ ದನಗಳ ನಡುವೆಯೂ ಹಾಗೆಯೇ, ದೂರದಿಂದ ಸುತ್ತಿ ಹೋಗಬೇಕು. ನಮ್ಮ ಹಟ್ಟಿಯ ದನಗಳಂತೆ ಅವಕ್ಕೆ ಮನುಷ್ಯರ ಕೈ ಅಭ್ಯಾಸವಿಲ್ಲ. ಬೇಲಿಯ ಬುಡದಲ್ಲಿ ನಮ್ಮ ತುರಿಚೆಯಂತೆಯೇ ಚುರುಗುಟ್ಟಿಸುವ ಗಿಡ ಬೇಕಾದಷ್ಟಿದೆ. ಎಲೆಯ ಅಂಚು ಗರಗಸದ ಹಲ್ಲಿನಂತಿರುತ್ತದೆ. ಸೀರೆಯ ಅಂಚು ಅದಕ್ಕೆ ತಾಗಿ, ಆಮೇಲೆ ಕಾಲಿಗೆ ತಾಗಿ, ಒಂದು ಸಂಜೆಯಿಡೀ ಉರಿ ಅನುಭವಿಸಿದ್ದೇನೆ.

ಗುಡ್ಡದ ಮೇಲಿನ ಕುದುರೆ ದಾರಿಯ ಬಗ್ಗೆಯೂ ಹೇಳದಿದ್ದರೆ ಮನಸ್ಸು ಒಪ್ಪದು. ಸ್ಟೋಕ್ ಬ್ರೂಯರ್ನ್‌ನಿಂದ ಬ್ಲಿಸ್‌ವರ್ತ್‌ಗೆ ಸುರಂಗದ ಮೇಲಿನಿಂದ ಎರಡು ಮೈಲಿಗೂ ಸ್ವಲ್ಪ ಹೆಚ್ಚು. ಹತ್ತುವುದು ನಿಧಾನದ ಏರು, ಇಳಿಯುವಾಗ ಕೋಲು ಬೇಕು. ಜುಲೈ ಹೊತ್ತಿಗೆ ಮಂಡಿ ಒಪ್ಪಿದರೆ ತಂಗಿಯೊಂದಿಗೆ ಒಂದು ದಿನ ಹೋಗಲಿ, ಬರುವಾಗ ಕಾರಿನಲ್ಲಿ ಬರಲಿ. ಸುತ್ತ ಗೋಧಿಯ ಹೊಲ. ಅದರ ನಡುವೆ ಅಲ್ಲಲ್ಲಿ ದುಂಡಗಿನ ಇಟ್ಟಿಗೆಯ ಗೋಪುರಗಳು ಒಂಟಿಯಾಗಿ ನಿಂತಿವೆ. ಮನೆಯಿಲ್ಲ, ಗಿರಣಿಯಿಲ್ಲ. ಮೊದಲ ಸಲ ನೋಡಿದಾಗ ಹೊಗೆಗೂಡು ಇಲ್ಲಿ ಯಾಕೆ ಎಂದುಕೊಂಡೆ. ಅವು ಸುರಂಗದ ಗಾಳಿಬಾವಿಗಳು. ಬಾಯಾರಿನಲ್ಲಿ ಉದ್ದದ ಸುರಂಗಕ್ಕೆ ಗುಡ್ಡೆಯ ಮೇಲಿನಿಂದ ಗಾಳಿಗೆಂದು ಬಾವಿ ಇಳಿಸುತ್ತಿದ್ದರಲ್ಲ, ಅದೇ ಕೆಲಸ. ಅಜ್ಜ ನನ್ನನ್ನು ಕರೆದುಕೊಂಡು ಹೋಗಿ ಅಂತಹ ಬಾವಿಯ ಬಾಯಿಗೆ ಮುಚ್ಚಿದ ಮುಳ್ಳು ಸರಿಸಿ ತೋರಿಸಿದ್ದು ನೆನಪಾಯಿತು. ಗೋಪುರದ ಇಟ್ಟಿಗೆಗೆ ಕಿವಿಯಿಟ್ಟು ನಿಂತೆ. ಕೆಳಗೆ ದೋಣಿಯ ಎಂಜಿನ್ ಸದ್ದು ಕೇಳಿಸಿತೋ, ಕೇಳಿಸಿದಂತೆ ಅನ್ನಿಸಿತೋ, ಇಂದಿಗೂ ಹೇಳಲಾರೆ. ಬ್ಲಿಸ್‌ವರ್ತ್‌ಗೆ ಇಳಿದರೆ ಹಳೆಯ ಮನೆಗಳ ಗೋಡೆಯಲ್ಲಿ ಒಂದು ಸಾಲು ಕಂದು ಕಲ್ಲು, ಒಂದು ಸಾಲು ಬಿಳಿ ಕಲ್ಲು, ಪಟ್ಟೆಪಟ್ಟೆ. ಕಂದು ಬಣ್ಣದ್ದು ಕಬ್ಬಿಣದ ಅಂಶವಿರುವ ಕಲ್ಲು. ದೂರದಿಂದ ನಮ್ಮ ಮುರಕಲ್ಲೇ ಎನ್ನಬೇಕು.

ಮುಳ್ಳೇರಿಯದ ಅಳಿಯ:

ಸೇತುವೆಗೆ ಸಂಖ್ಯೆ ಇರುತ್ತದೆಂದು ನಮಗೆ ಯಾರೂ ಹೇಳಿರಲಿಲ್ಲ ಟೀಚರೇ. ಮಾವನವರಿಗೆ ಇದನ್ನು ಈಗಲೇ ಕಳುಹಿಸುತ್ತೇನೆ. ಅವರು ಈ ಬೇಸಗೆಯಲ್ಲಿ ಮತ್ತೆ ಹೋಗುವವರಿದ್ದಾರೆ.

ಪೆರ್ಲದ ತೋಟದವ:

ಎಲ್ಲರಿಗೂ ಮನಸಾರೆ ವಂದನೆ. ನಿನ್ನೆ ಕಾಸರಗೋಡಿಗೆ ಹೋಗಿ ಶೂ ತಂದಿದ್ದೇವೆ. ಇವತ್ತು ಬೆಳಿಗ್ಗೆ ಅಮ್ಮ ಅದನ್ನು ಹಾಕಿಕೊಂಡೇ ಸೊಸೈಟಿಗೆ ಹೋದರು. ಸಂಕದ ಮೇಲೆ ಹಿಡಿತ ಚೆನ್ನಾಗಿದೆ, ತಡಮೆ ಇಳಿಯುವಾಗ ಬೆರಳಿನ ತುದಿ ಒತ್ತುತ್ತದೆ ಎಂದರು. ಒಂದು ಅಳತೆ ದೊಡ್ಡದಕ್ಕೆ ಬದಲಾಯಿಸುತ್ತೇವೆ. ತಂಗಿ ಮೊದಲ ವಾರ ರಜೆ ಹಾಕಿ ಜೊತೆಗೆ ನಡೆಯುತ್ತಾಳೆ ಎಂದು ಒಪ್ಪಿದಳು.

ಅಮ್ಮ ನಿಮ್ಮಲ್ಲಿ ಒಂದು ಪ್ರಶ್ನೆ ಕೇಳಲು ಹೇಳಿದ್ದಾರೆ ಟೀಚರೇ. ಆ ಸುರಂಗದೊಳಗೆ ದೋಣಿಯಲ್ಲಿ ಹೋದರೆ ನಮ್ಮ ಸುರಂಗದ ಹಾಗೆ ಮೇಲಿನಿಂದ ನೀರು ತೊಟ್ಟಿಕ್ಕುತ್ತದೆಯೇ?

ನೀರ್ಚಾಲಿನ ಟೀಚರ್:

ತೊಟ್ಟಿಕ್ಕುತ್ತದೆ. ಗಾಳಿಬಾವಿಗಳ ಕೆಳಗೆ ಬಂದಾಗ ತೊಟ್ಟಿಕ್ಕುವುದಲ್ಲ, ಸುರಿಯುತ್ತದೆ. ಮೇಲೆ ನೋಡಿದರೆ ಒಂದು ರೂಪಾಯಿ ನಾಣ್ಯದಷ್ಟು ಆಕಾಶ, ಅಲ್ಲಿಂದ ಬೆಳಕಿನೊಳಗೆ ಹನಿಗಳು ಇಳಿದು ಬರುವುದು ಕಾಣುತ್ತದೆ. ಅಮ್ಮನಿಗೆ ದೋಣಿಯ ಮಾಡು ಇರುವ ಕಡೆ ಕೂರಲು ಹೇಳಿ. ಮುಂದಿನ ತೆರೆದ ಜಾಗದಲ್ಲೇ ಕೂರುತ್ತೇನೆ ಎಂದು ಅವರು ಹಟ ಮಾಡಿದರೆ, ನಾನು ಕೂಡ ಅಲ್ಲೇ ಕುಳಿತಿದ್ದೆ, ಒಂದು ಕೊಡೆ ಕೊಟ್ಟು ಕಳುಹಿಸಿ.